ನಡಾವಳಿಗೆ ಬರಕೊಳ್ಳಿ, ಸ್ವಾಮಿ

ಸರ್ಕಾರಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹತ್ತು ಗಂಟೆಗೆ ಎಂದು ಹಿಂದಿನ ಸಂಜೆ ತಮಟೆ ಹೊಡೆಸಿ ಸಾರಿದ್ದ ಗ್ರಾಮಸಭೆ ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮುಂದಿನ ಕುರ್ಚಿಗಳಲ್ಲಿ ಸದಸ್ಯರು, ಒಂದಿಬ್ಬರು ಗುತ್ತಿಗೆದಾರರು, ನೋಡಲ್ ಅಧಿಕಾರಿ. ಹಿಂದೆ ಜಮಖಾನದ ಮೇಲೆ ಸ್ತ್ರೀಶಕ್ತಿ ಸಂಘದ ಹೆಂಗಸರು. ಹುಡುಗರು ಬೇವಿನ ಮರದ ಕೆಳಗೆ, ಯಾವಾಗ ಬೇಕಾದರೂ ಹೊರಟುಬಿಡುವವರ ಹಾಗೆ ನಿಂತಿದ್ದರು. ಪಿಡಿಒ ಹಿಂದಿನ ಸಭೆಯ ನಡಾವಳಿಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದರು. ಆಗ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಎದ್ದು ನಿಂತರು.

“ಸ್ವಾಮಿ, ನಮ್ಮ ಕಾಲೋನಿ ಬೋರ್‌ವೆಲ್ ಮೋಟ್ರು ಕೆಟ್ಟು ನಾಕು ತಿಂಗ್ಳಾತು. ಹೋದ್ ಸಭೇಲೂ ಹೇಳಿದ್ದೆ. ಈಗ ಓದಿದ್ರಲ್ಲ, ಅದ್ರಾಗೆ ನನ್ನ ಮಾತೇ ಇಲ್ಲ.”

“ಆಯ್ತಮ್ಮ, ಮಾಡಿಸ್ತೀವಿ. ಕೂತ್ಕಳಿ.”

“ಕೂತ್ಕತೀನಿ. ಮೊದ್ಲು ನಡಾವಳಿಗೆ ಬರಕಳಿ ಸ್ವಾಮಿ. ನನ್ನ ಹೆಸ್ರು ಹಾಕಿ ಬರಕಳಿ.”

ಸಭೆಯಲ್ಲಿ ಯಾರೋ ನಕ್ಕರು. ಪಿಡಿಒ ಬರೆದುಕೊಂಡರು. ಆ ತಾಯಿ ಅಷ್ಟಕ್ಕೇ ಬಿಡಲಿಲ್ಲ. ತಮಗೆ ಓದು ಬಾರದು. ಪಕ್ಕದಲ್ಲಿದ್ದ ಹೈಸ್ಕೂಲು ಹುಡುಗಿಯನ್ನು ಕರೆದು, ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡು, ಆಮೇಲೆ ಕೂತರು. ತುಮಕೂರು ಸೀಮೆಯ ಆ ಹಳ್ಳಿಯಲ್ಲಿ ಮೋಟರು ರಿಪೇರಿಯಾಗುವುದಕ್ಕೆ ಮತ್ತೂ ಒಂದು ತಿಂಗಳು ಹಿಡಿಯಿತು. ಆದರೆ ಮುಂದಿನ ಗ್ರಾಮಸಭೆಯಲ್ಲಿ ನಡಾವಳಿ ಓದುವಾಗ ಅವರ ಹೆಸರೂ ಅವರ ಮಾತೂ ಅದರಲ್ಲಿದ್ದವು.

ಪ್ರಜಾಪ್ರಭುತ್ವ ಉಳಿಸುವುದು ಎಂದ ಕೂಡಲೇ ನಮ್ಮ ಕಣ್ಣು ದೆಹಲಿಯ ಕಡೆ ಹೊರಳುತ್ತದೆ. ಸಂಸತ್ತು, ಸುಪ್ರೀಂ ಕೋರ್ಟು, ಚುನಾವಣಾ ಆಯೋಗ, ಟಿವಿಯ ಚರ್ಚೆ. ಅವುಗಳ ಬಗ್ಗೆ ಚಿಂತೆ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಪಂಚಾಯಿತಿ ಕಟ್ಟೆಗಳ ಸುತ್ತ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಒಂದಿದೆ: ಈ ಮರ ಒಣಗುವುದು ಬೇರಿನ ಕಡೆಯಿಂದ, ಮತ್ತು ಬೇರು ಒಣಗುವಾಗ ಸದ್ದಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಅದು ಒಣಗಿದ ಬಗೆಯನ್ನು ಹೇಳಬೇಕೆಂದೇ ಈ ಬರಹ.

ಮೊದಲು ಆ ತಾಯಿ ಎದ್ದು ನಿಂತ ಸಭೆಯ ಬಗ್ಗೆ. ಸಂವಿಧಾನದ 243ಎ ವಿಧಿ ಗ್ರಾಮಸಭೆಗೆ ಜಾಗ ಕೊಟ್ಟಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ವಿಧಾನಸಭೆಗೆ ಹೋಗಬೇಕಾದರೆ ಗೆಲ್ಲಬೇಕು, ಗ್ರಾಮಸಭೆಗೆ ಹದಿನೆಂಟು ತುಂಬಿದರೆ ಸಾಕು. ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಅದು ಸೇರಬೇಕು. ವಾರ್ಡ್ ಸಭೆಗಳಲ್ಲಿ ಬಂದ ಬೇಡಿಕೆಗಳನ್ನು ಜೋಡಿಸಿ ಕ್ರಿಯಾಯೋಜನೆಗೆ ಒಪ್ಪಿಗೆ ಕೊಡುವುದು, ವಸತಿ ಯೋಜನೆಗೆ ಫಲಾನುಭವಿಗಳನ್ನು ಆರಿಸುವುದು, ಹಣ ಎಲ್ಲಿ ಖರ್ಚಾಯಿತು ಎಂದು ಕೇಳುವುದು ಅದರ ಕೆಲಸ. ಇದಲ್ಲದೆ ಪ್ರತಿ ವರ್ಷ ಜಮಾಬಂದಿ ನಡೆಯಬೇಕು. ಅಂದರೆ ಪಂಚಾಯಿತಿಯ ಲೆಕ್ಕಪತ್ರಗಳನ್ನು ಊರವರ ಎದುರಿಗೇ ಬಿಚ್ಚಿಡಬೇಕು. ಇಂಥದೊಂದು ಅಧಿಕಾರ ಸಾಮಾನ್ಯ ಮನುಷ್ಯನ ಕೈಗೆ ನೇರವಾಗಿ ಸಿಗುವ ಇನ್ನೊಂದು ಜಾಗ ನಮ್ಮ ವ್ಯವಸ್ಥೆಯಲ್ಲಿ ಇಲ್ಲ.

ಎದ್ದು ನಿಂತು ಆಳುವವರಿಗೆ ಅಹವಾಲು ಹೇಳುವ ರೂಢಿ ಈ ನೆಲಕ್ಕೆ ಹಳೆಯದು. ಬ್ರಿಟಿಷರ ಕೈಯಿಂದ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದರು. ಆ ವರ್ಷದ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಅವರು ಜಮೀನುದಾರರು ಮತ್ತು ವರ್ತಕರು. ಬಡವರಿಗೆ, ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಕಾನೂನು ಮಾಡುವ ಅಧಿಕಾರವೂ ಸಭೆಗೆ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಒಪ್ಪಿಸುವುದು, ಪ್ರತಿನಿಧಿಗಳು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳುವುದು, ಅಷ್ಟೇ. ಅಷ್ಟಾದರೂ ಒಂದು ಪದ್ಧತಿ ಕೂತುಬಿಟ್ಟಿತು: ವರ್ಷಕ್ಕೊಮ್ಮೆ ಆಳುವವರು ಲೆಕ್ಕ ಹೇಳಬೇಕು, ಕೇಳಿದ್ದು ದಾಖಲಾಗಬೇಕು.

ಈ ಪದ್ಧತಿಯನ್ನು ಅರಮನೆಯ ಊರಿಂದ ಹಳ್ಳಿಯ ಕಟ್ಟೆಗೆ ತಂದವರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯ ಕಡೆಯವರು. ಬರಗಾಲದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರ ಕೈಯಲ್ಲಿತ್ತು. 1983ರಲ್ಲಿ ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆಗೆ ರಾಷ್ಟ್ರಪತಿಯವರ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಆ ಕಾಯ್ದೆಯ ದಿಟ್ಟತನವನ್ನು ಇವತ್ತು ನೆನೆದರೂ ಬೆರಗಾಗುತ್ತದೆ. ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ ಮೀಸಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬರುವ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರಬೇಕು. ಜಿಲ್ಲೆಯ ಕಚೇರಿಗಳಲ್ಲಿ ಯಾರ ಮಾತು ನಡೆಯಬೇಕು ಎನ್ನುವುದನ್ನು ಈ ಒಂದು ಏರ್ಪಾಡು ಬದಲಿಸಿತು. ಆರಿಸಿ ಬಂದ ರೈತನ ಎದುರಿಗೆ ಅಧಿಕಾರಿ ಕಡತ ಹಿಡಿದು ನಿಲ್ಲಬೇಕಾಯಿತು.

ಇದರಿಂದ ಆದದ್ದೇನು? ಆ ವರ್ಷಗಳನ್ನು ಅಧ್ಯಯನ ಮಾಡಿದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು ಗಮನಿಸಿದ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ಹಳ್ಳಿಗಳ ಶಾಲೆಗೆ ಮೇಷ್ಟರು, ಆರೋಗ್ಯ ಕೇಂದ್ರಕ್ಕೆ ಸಿಬ್ಬಂದಿ ಮೊದಲಿಗಿಂತ ಸರಿಯಾಗಿ ಬರತೊಡಗಿದರು. ಕಾರಣ ಸರಳ. ಮೇಷ್ಟರು ಬಾರದಿದ್ದರೆ ದೂರು ಹೇಳಲು ಬೆಂಗಳೂರಿಗೆ ಹೋಗಬೇಕಿರಲಿಲ್ಲ. ಕೇಳುವ ಅಧಿಕಾರವಿದ್ದ ಸದಸ್ಯ ಅದೇ ಊರಿನ ಸಂತೆಯಲ್ಲಿ ಎದುರಾಗುತ್ತಿದ್ದ. ಅವನಿಗೂ ಮುಂದಿನ ಸಲ ವೋಟು ಬೇಕಿತ್ತು.

ನಜೀರ್ ಸಾಬ್ 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡ ಎರಡು ವರ್ಷ ಬೆಳೆದದ್ದನ್ನೂ ಅವರು ನೋಡಲಿಲ್ಲ. ಮುಂದೆ ಆದದ್ದನ್ನು ನೋಡದೆ ಹೋದದ್ದೇ ಒಳ್ಳೆಯದಾಯಿತೇನೋ. ಜಿಲ್ಲಾ ಪರಿಷತ್ತುಗಳ ಐದು ವರ್ಷದ ಅವಧಿ 1992ರ ಆರಂಭಕ್ಕೆ ಮುಗಿಯಿತು. ಸರ್ಕಾರ ಬದಲಾಗಿತ್ತು. ಚುನಾವಣೆ ನಡೆಯಲಿಲ್ಲ. ಆರಿಸಿ ಬಂದವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು.

ಆಗ ಹಾಗೆ ಮಾಡಲು ಅಡ್ಡಿ ಇರಲಿಲ್ಲ. ಪಂಚಾಯಿತಿ ಎನ್ನುವುದು ರಾಜ್ಯ ಸರ್ಕಾರ ಕೊಟ್ಟರುಂಟು, ಇಲ್ಲದಿದ್ದರಿಲ್ಲ ಎನ್ನುವಂಥ ಸವಲತ್ತಾಗಿತ್ತು. ಸಂವಿಧಾನದ 40ನೇ ವಿಧಿಯಲ್ಲಿ ಪಂಚಾಯಿತಿಗಳನ್ನು ಕಟ್ಟಬೇಕೆಂಬ ಆಶಯ ಇತ್ತೇ ಹೊರತು ಕಟ್ಟಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಈ ದೋಷ ತಿದ್ದಲೆಂದೇ 73ನೇ ತಿದ್ದುಪಡಿ ಬಂತು, 1993ರ ಏಪ್ರಿಲ್ 24ರಿಂದ ಜಾರಿಯಾಯಿತು. ಅದರ 243ಇ ವಿಧಿ ನಮ್ಮ ಕಥೆಯ ನಡುಗಂಬ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ತಿಯಾಗಿರಬೇಕು. ಚುನಾವಣೆ ನಡೆಸಲು ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗವನ್ನೂ ಸಂವಿಧಾನವೇ ಕೊಟ್ಟಿತು. ಕರ್ನಾಟಕ ಅದೇ ವರ್ಷ ಹೊಸ ಕಾಯ್ದೆ ಮಾಡಿ, ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯನ್ನೂ ಮುಗಿಸಿತು. 2010ರಲ್ಲಿ ಮಹಿಳೆಯರ ಮೀಸಲು ಶೇ 50ಕ್ಕೆ ಏರಿತು. ದೇಶದ ಬೇರೆ ರಾಜ್ಯಗಳವರು ಪಂಚಾಯಿತಿ ಪಾಠ ಕಲಿಯಲು ಮೈಸೂರಿಗೆ, ನಜೀರ್ ಸಾಬರ ಹೆಸರಿನ ಸಂಸ್ಥೆಗೆ ಬರುತ್ತಿದ್ದ ಕಾಲ ಅದು.

ಅಂಥ ಕರ್ನಾಟಕದಲ್ಲಿ ಏನಾಯಿತು ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಸಾವಿರಕ್ಕೂ ಹೆಚ್ಚು ಮಂದಿ ಜಿಲ್ಲಾ ಪಂಚಾಯಿತಿಗೆ, ಸುಮಾರು 3,900 ಮಂದಿ ತಾಲ್ಲೂಕು ಪಂಚಾಯಿತಿಗೆ ಆರಿಸಿ ಬಂದರು. 2021ರ ಬೇಸಿಗೆಯಲ್ಲಿ ಅವರ ಅವಧಿ ಮುಗಿಯಿತು. ಹೊಸಬರು ಬರಲಿಲ್ಲ. ಕೋವಿಡ್ ಇತ್ತು, ಒಪ್ಪೋಣ. ಆದರೆ ಕೋವಿಡ್ ಹೋಯಿತು, ವಿಧಾನಸಭೆ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಲೋಕಸಭೆ ಚುನಾವಣೆಯೂ ಆಯಿತು. 2025 ಮುಗಿಯುವವರೆಗೂ ಜಿಲ್ಲಾ ಪಂಚಾಯಿತಿಗೆ ಮತ ಹಾಕುವ ದಿನ ಮಾತ್ರ ಬರಲಿಲ್ಲ. ಸಂವಿಧಾನ ‘ಅವಧಿಗೆ ಮೊದಲೇ’ ಎಂದು ಹೇಳಿದ ಕೆಲಸಕ್ಕೆ ನಾಲ್ಕು ವರ್ಷದ ಮೇಲೂ ಮುಹೂರ್ತ ಸಿಕ್ಕಲಿಲ್ಲ.

ಇದು ಒಂದು ಪಕ್ಷದ ಪಾಪವಲ್ಲ. ಅವಧಿ ಮುಗಿದಾಗ ಅಧಿಕಾರದಲ್ಲಿದ್ದದ್ದು ಬಿಜೆಪಿ, 2023ರ ಮೇ ತಿಂಗಳ ನಂತರ ಕಾಂಗ್ರೆಸ್. ವಿರೋಧ ಪಕ್ಷದಲ್ಲಿ ಕೂತಾಗ ಇಬ್ಬರಿಗೂ ಗಾಂಧೀಜಿಯ ಗ್ರಾಮ ಸ್ವರಾಜ್ಯ ನೆನಪಾಗುತ್ತದೆ. ಅಧಿಕಾರಕ್ಕೆ ಬಂದ ಮೇಲೆ ಕ್ಷೇತ್ರ ಪುನರ್ವಿಂಗಡಣೆ ನೆನಪಾಗುತ್ತದೆ.

ಮುಂದೂಡುವುದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಇಲ್ಲಿ ಯಾರೂ ‘ಚುನಾವಣೆ ರದ್ದು’ ಎಂದು ಘೋಷಿಸುವುದಿಲ್ಲ, ಹಾಗೆ ಘೋಷಿಸಿದ್ದರೆ ಜನ ಬೀದಿಗೆ ಬರುತ್ತಿದ್ದರು. ರಾಜ್ಯ ಚುನಾವಣಾ ಆಯೋಗ 2021ರಲ್ಲಿ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದ ಕೈಯಿಂದ ತೆಗೆದುಕೊಂಡು, ಸೀಮಾ ನಿರ್ಣಯಕ್ಕೆ ಬೇರೆಯೇ ಆಯೋಗ ಮಾಡಿತು. ಆಗಿದ್ದ ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಇನ್ನೊಂದು ಕಡೆ, ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲು ಕೊಡುವ ಮೊದಲು ಅವರ ರಾಜಕೀಯ ಹಿಂದುಳಿದಿರುವಿಕೆಯನ್ನು ಅಂಕಿಅಂಶ ಸಮೇತ ಅಧ್ಯಯನ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ಬಂತು, 2022ರಲ್ಲಿ ವರದಿಯೂ ಬಂತು. ಆಮೇಲೆ ಗಡಿ ನಿಗದಿ, ಆಕ್ಷೇಪಣೆ, ಮತ್ತೆ ಗಡಿ, ಮೀಸಲು ಪಟ್ಟಿ, ಕೋರ್ಟಿನಲ್ಲಿ ಕಾಲಾವಕಾಶದ ಅರ್ಜಿ. ಒಂದು ಹಂತದಲ್ಲಿ ಹೈಕೋರ್ಟು ಬೇಸತ್ತು ಸರ್ಕಾರಕ್ಕೆ ದಂಡವನ್ನೇ ಹಾಕಿತು.

ಹಿಂದುಳಿದವರಿಗೆ ಮೀಸಲು ಬೇಕೇ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಮೀಸಲಿನ ಹೆಸರಿನಲ್ಲಿ ಚುನಾವಣೆಯನ್ನೇ ನುಂಗಿದಾಗ ಮೊದಲು ನಷ್ಟವಾಗುವುದೂ ಅವರಿಗೇ. ಕ್ಷೇತ್ರ ವಿಂಗಡಣೆ ಮುಗಿದಿಲ್ಲ ಎನ್ನುವುದು ಚುನಾವಣೆ ನಿಲ್ಲಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತು, ಮಾತ್ರವಲ್ಲ, ಇದು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದೂ ಸೇರಿಸಿತು. ಅದಕ್ಕೂ ಹಿಂದೆ, 2006ರಲ್ಲಿ, ಅಹಮದಾಬಾದ್ ನಗರಪಾಲಿಕೆಯ ಮೊಕದ್ದಮೆಯಲ್ಲೂ ನ್ಯಾಯಾಲಯದ ನಿಲುವು ಇದೇ ಆಗಿತ್ತು. ಕಾನೂನು ಸ್ಪಷ್ಟವಾಗಿದೆ. ಕಾನೂನಿಗೆ ಕಾವಲಿರಲಿಲ್ಲ.

ಈ ಖಾಲಿ ಕುರ್ಚಿಗಳ ಬೆಲೆ ಎಷ್ಟು? ಕುರ್ಚಿಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು ಎನ್ನುವುದನ್ನು ನೆನೆದರೆ, ಸುಮಾರು ಎರಡೂವರೆ ಸಾವಿರ ಹೆಂಗಸರು ಕೂರಬೇಕಿದ್ದ ಜಾಗ ಅಷ್ಟೂ ವರ್ಷ ಖಾಲಿ ಬಿದ್ದಿತ್ತು. ಗ್ರಾಮ ಪಂಚಾಯಿತಿಯಲ್ಲಿ ಐದು ವರ್ಷ ಪಳಗಿದ ಮಹಿಳೆ ತಾಲ್ಲೂಕಿಗೆ, ಜಿಲ್ಲೆಗೆ, ಮುಂದೊಂದು ದಿನ ವಿಧಾನಸಭೆಗೆ ಏರುವ ಮೆಟ್ಟಿಲುಗಳಲ್ಲಿ ನಡುವಿನ ಎರಡು ಮೆಟ್ಟಿಲು ಕಿತ್ತುಹೋದವು. ಹಣದ ನಷ್ಟವೂ ಇದೆ: ಆರಿಸಿ ಬಂದ ಮಂಡಳಿ ಇರಬೇಕೆಂಬ ಷರತ್ತು 15ನೇ ಹಣಕಾಸು ಆಯೋಗದ ಅನುದಾನಕ್ಕೆ ಇತ್ತು. ಇನ್ನು ದಿನನಿತ್ಯದ ನಷ್ಟ. ಹಾಸ್ಟೆಲಿನ ಊಟ ಕೆಟ್ಟರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೆ, ಅಂಗನವಾಡಿ ಕಟ್ಟಡ ಸೋರಿದರೆ ಸಾಮಾನ್ಯ ಸಭೆಯಲ್ಲಿ ಎದ್ದು ಅಧಿಕಾರಿಯನ್ನು ಕೇಳುವ ಸದಸ್ಯ ಇರಲಿಲ್ಲ. ಎಲ್ಲದಕ್ಕೂ ಶಾಸಕರ ಮನೆ ಬಾಗಿಲಿಗೇ ಹೋಗಬೇಕಿತ್ತು. ಇಡೀ ರಾಜ್ಯಕ್ಕೆ ಶಾಸಕರು 224 ಮಂದಿ. ಬಾಗಿಲು ಕಾಯುವವರ ಸಾಲು ಉದ್ದವಾದಷ್ಟೂ ಬಾಗಿಲೊಳಗಿನವರ ಬಲ ಬೆಳೆಯುತ್ತದೆ. ಚುನಾವಣೆ ಯಾಕೆ ಮುಂದಕ್ಕೆ ಹೋಗುತ್ತಿತ್ತು ಎನ್ನುವ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆತಿದ್ದಾರೆ. 2021ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ 25 ಸದಸ್ಯರ ಆಯ್ಕೆ ನಡೆಯಿತು. ಈ 25 ಮಂದಿಯನ್ನು ಆರಿಸಬೇಕಾದವರು ಪಂಚಾಯಿತಿ, ನಗರಸಭೆಗಳ ಸದಸ್ಯರು. ಆ ದಿನ ಜಿಲ್ಲಾ ಪಂಚಾಯಿತಿಯಿಂದಾಗಲಿ ತಾಲ್ಲೂಕು ಪಂಚಾಯಿತಿಯಿಂದಾಗಲಿ ಒಬ್ಬ ಮತದಾರನೂ ಇರಲಿಲ್ಲ. ಯಾಕೆಂದರೆ ಅಲ್ಲಿ ಸದಸ್ಯರೇ ಇರಲಿಲ್ಲ. ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೆಂದು ಮೇಲ್ಮನೆಯಲ್ಲಿ ಕೂತವರು ಆ ಸಂಸ್ಥೆಗಳ ಚುನಾವಣೆಗಾಗಿ ಸದನವನ್ನು ಹಿಡಿದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನಗರದವರು ಇದನ್ನು ಹಳ್ಳಿಯ ಗೋಳು ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅಲ್ಲಿಂದ ಆಡಳಿತಾಧಿಕಾರಿಗಳ ರಾಜ್ಯ. ವಾರ್ಡುಗಳ ಸಂಖ್ಯೆ ಬದಲಾಯಿತು, ಕಾಯ್ದೆ ಬದಲಾಯಿತು, ಕೊನೆಗೆ 2025ರಲ್ಲಿ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಒಂದು ಕೋಟಿ ಮೀರಿದ ಜನರ ಊರು ಐದು ವರ್ಷ ಒಬ್ಬ ಕಾರ್ಪೊರೇಟರ್ ಇಲ್ಲದೆ ಕಳೆಯಿತು. 2006ರಿಂದ 2010ರವರೆಗೂ ಇದೇ ಊರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೀಗೇ ಇತ್ತು. ಆಗ ಕೇಳಿದವರು ಕಡಿಮೆ, ಈಗ ಕೇಳಿದವರೂ ಕಡಿಮೆ. ಅದೇ ಬೆಂಗಳೂರಿನ ಕೇಂದ್ರ, ಉತ್ತರ, ದಕ್ಷಿಣ ಕ್ಷೇತ್ರಗಳಲ್ಲಿ 2024ರ ಲೋಕಸಭೆಗೆ ಮತ ಹಾಕಿದವರು ಶೇ 55ನ್ನು ಮುಟ್ಟಲಿಲ್ಲ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಭಯದ ನಡುವೆ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಗ್ರಾಮ ಪಂಚಾಯಿತಿಗೆ ಮತ ಹಾಕಿದ ಹಳ್ಳಿಯವರು ಶೇ 80ಕ್ಕಿಂತ ಹೆಚ್ಚು. ಯಾರಿಗೆ ಮತದ ಬೆಲೆ ಹೆಚ್ಚು ಗೊತ್ತು ಎಂದು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಹಾಗೆಂದು ಹಳ್ಳಿಯನ್ನು ದೇವಸ್ಥಾನ ಮಾಡಿ ಕೂರಿಸುವುದು ಬೇಡ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ 1948ರ ನವೆಂಬರ್‌ನಲ್ಲಿ ಹಳ್ಳಿಯ ಬಗ್ಗೆ ಆಡಿದ ಕಠಿಣ ಮಾತುಗಳ ಹಿಂದೆ ಅನುಭವವಿತ್ತು. ಊರಿನ ಕೈಗೆ ಅಧಿಕಾರ ಕೊಟ್ಟರೆ ಅದು ಊರಗೌಡನ ಕೈಗೆ, ಮೇಲ್ಜಾತಿಯ ಕೈಗೆ ಹೋಗುತ್ತದೆ. ಊರ ಹೊರಗಿನ ಕೇರಿಯವನಿಗೆ ಅದರಿಂದ ಕೇಡೇ ಎಂಬುದು ಅವರ ಭಯ. ಆ ಭಯ ಸುಳ್ಳಾಗಲಿಲ್ಲ. 1997ರಲ್ಲಿ ತಮಿಳುನಾಡಿನ ಮಧುರೈ ಜಿಲ್ಲೆಯ ಮೇಲವಳವಿನಲ್ಲಿ, ಪರಿಶಿಷ್ಟರಿಗೆ ಮೀಸಲಾದ ಪಂಚಾಯಿತಿಯ ಅಧ್ಯಕ್ಷರಾದರೆಂಬ ಒಂದೇ ಕಾರಣಕ್ಕೆ ದಲಿತ ಅಧ್ಯಕ್ಷರನ್ನೂ ಅವರ ಜೊತೆಗಾರರನ್ನೂ ಹಾಡಹಗಲೇ ಕೊಚ್ಚಿ ಕೊಂದರು. ನಮ್ಮಲ್ಲಿ ಅಷ್ಟು ರಕ್ತ ಹರಿಯದೆ ನಡೆಯುವ ದಬ್ಬಾಳಿಕೆಗಳಿವೆ. ಅಧ್ಯಕ್ಷೆಯ ಕುರ್ಚಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ‘ಅಧ್ಯಕ್ಷರ ಯಜಮಾನರು’. ಸಭೆ ನಡೆಯದಿದ್ದರೂ ಮನೆಮನೆಗೆ ಪುಸ್ತಕ ಕಳಿಸಿ ಹಾಕಿಸುವ ಹಾಜರಿ ಸಹಿ. ದೇವಸ್ಥಾನದ ಕಟ್ಟೆಯ ಮೇಲೆ ಕೂತು ಸದಸ್ಯ ಸ್ಥಾನವನ್ನು ಹರಾಜು ಹಾಕುವುದು.

ಈ ಹರಾಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಷ್ಟು ಲಕ್ಷ ಕೊಟ್ಟವನು ಅವಿರೋಧ ಆಯ್ಕೆ ಎಂದು ಊರ ಹಿರಿಯರು ತೀರ್ಮಾನಿಸುತ್ತಾರೆ. 2020ರ ಚುನಾವಣೆಯಲ್ಲಿ ಇಂಥ ಸುದ್ದಿಗಳು ಸಾಲಾಗಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ರಿಮಿನಲ್ ಮೊಕದ್ದಮೆಯ ಎಚ್ಚರಿಕೆ ಕೊಡಬೇಕಾಯಿತು. ‘ಊರು ಒಡೆಯಬಾರದು, ಜಗಳ ಬೇಡ, ದುಡ್ಡು ದೇವರಿಗೇ ಹೋಗುತ್ತದಲ್ಲ’ ಎಂದು ಸಮರ್ಥಿಸುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಳ್ಳೆಯ ಮನುಷ್ಯರೂ ಇದ್ದರು. ಆದರೆ ಹರಾಜಿನಲ್ಲಿ ಕೂಗುವುದಕ್ಕೆ ಕೂಲಿ ಮಾಡುವ ಹೆಂಗಸಿನ ಹತ್ತಿರ ದುಡ್ಡಿಲ್ಲ. ಅವಳ ಹತ್ತಿರ ಇದ್ದದ್ದು ಒಂದು ವೋಟು. ಶ್ರೀಮಂತನ ವೋಟಿಗೂ ಅವಳ ವೋಟಿಗೂ ಒಂದೇ ತೂಕ ಎಂಬ ಏಕೈಕ ದಿನವನ್ನು ಊರು ಅವಳಿಂದ ಕಸಿದುಕೊಂಡಿತು. ಊರಿನ ನೆಮ್ಮದಿಗೆ ಈ ಬೆಲೆ ಹೆಚ್ಚಾಯಿತು.

ಅಂಬೇಡ್ಕರರ ಭಯಕ್ಕೆ ಉತ್ತರ ಗ್ರಾಮಸಭೆಯನ್ನು ಮುಚ್ಚುವುದರಲ್ಲಿ ಸಿಗುವುದಿಲ್ಲ. ಮೀಸಲು, ದಾಖಲೆ, ಎದ್ದು ಕೇಳುವ ಧೈರ್ಯ ಈ ಮೂರೂ ಸೇರಿದಾಗ ಹಳ್ಳಿಯ ಸಭೆ ಏನು ಮಾಡಬಲ್ಲದು ಎನ್ನುವುದಕ್ಕೆ ಒಡಿಶಾದ ನಿಯಮಗಿರಿಯನ್ನು ನೋಡಬೇಕು. ಅಲ್ಲಿನ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹನ್ನೆರಡು ಹಳ್ಳಿಗಳಲ್ಲಿ, ನ್ಯಾಯಾಧೀಶರೊಬ್ಬರ ಸಮ್ಮುಖದಲ್ಲಿ ಸಭೆ ಸೇರಿತು. ಡೋಂಗ್ರಿಯಾ ಕೊಂಧ ಆದಿವಾಸಿಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ಮಾತು ಹೇಳಿದರು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ಗಣಿ ನಿಂತಿತು.

ರಾಜಸ್ಥಾನದ ಕಥೆ ಇನ್ನೂ ಹತ್ತಿರದ್ದು. ಬರಗಾಲದ ಕಾಮಗಾರಿಯಲ್ಲಿ ದುಡಿದ ಕೂಲಿಯವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಅರುಣಾ ರಾಯ್ ಮತ್ತು ಸಂಗಾತಿಗಳು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಊರೂರಲ್ಲಿ ಜನಸುನ್ವಾಯಿ ನಡೆಸಿತು. ಹಾಜರಿ ಪಟ್ಟಿಯನ್ನು, ಬಿಲ್ಲುಗಳನ್ನು ಊರಿನ ಎದುರು ಗಟ್ಟಿಯಾಗಿ ಓದುವುದು, ಅಷ್ಟೇ ಅವರು ಮಾಡಿದ್ದು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು, ಕಟ್ಟದ ಕಟ್ಟಡಕ್ಕೆ ಸಿಮೆಂಟಿನ ಲೆಕ್ಕ, ಎಲ್ಲವೂ ಹೊರಬಿತ್ತು. ದಾಖಲೆಯ ನಕಲು ಕೊಡಿ ಎಂದು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಅಲ್ಲಿಂದ ಹೊರಟ ದಾರಿಯೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬಂದು ಸೇರಿದ್ದು. ಓದು ಬಾರದ ಕೂಲಿಯವರು ಓದಿಸಿ ಕೇಳುವ ಹಠ ಹಿಡಿದದ್ದರಿಂದ ಇಡೀ ದೇಶಕ್ಕೆ ಒಂದು ಹಕ್ಕು ಸಿಕ್ಕಿತು. ತುಮಕೂರು ಸೀಮೆಯ ಆ ತಾಯಿ ಮಾಡಿದ್ದು ಇದೇ ಕೆಲಸವನ್ನು.

ಹೆಸರಿನ ಬಗ್ಗೆ ಆಕೆಗಿದ್ದ ಹಠವೂ ಸಣ್ಣದಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಮತದಾರರ ಪಟ್ಟಿ ಮಾಡಿಸುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಸೇನ್ ಹಾಗೆ ಬರೆಯುವುದನ್ನು ಒಪ್ಪಲಿಲ್ಲ. ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಬಿಟ್ಟುಹೋದರು. ಕಟುವಾದ ನಿರ್ಧಾರ. ಆದರೆ ಮುಂದಿನ ಚುನಾವಣೆಯ ಹೊತ್ತಿಗೆ ಅವರಲ್ಲಿ ಬಹಳ ಮಂದಿ ತಮ್ಮ ಹೆಸರನ್ನೇ ಬರೆಸಿ ಪಟ್ಟಿಗೆ ಬಂದರು. ಅಂದು ಹೆಸರು ಹೇಳಲು ನಾಚಿದವರ ಮೊಮ್ಮಕ್ಕಳ ವಾರಿಗೆಯವರು ಇಂದು ‘ನನ್ನ ಹೆಸರು ಹಾಕಿ ಬರೆದುಕೊಳ್ಳಿ’ ಎನ್ನುತ್ತಿದ್ದಾರೆ. ನಮ್ಮ ಪ್ರಜಾಪ್ರಭುತ್ವದ ಸಾಧನೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಆದ್ದರಿಂದ ಜವಾಬ್ದಾರಿಯ ಮಾತು ಬಂದಾಗ ಸರ್ಕಾರಕ್ಕೆ ಒಂದೇ ಬೇಡಿಕೆ: 243ಇ ವಿಧಿಯನ್ನು ಅದರ ಅಕ್ಷರದಂತೆ ಪಾಲಿಸಲಿ. ಕ್ಷೇತ್ರ ವಿಂಗಡಣೆ, ಮೀಸಲು ಎರಡನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿಸಿ, ಅವಧಿ ಮುಗಿಯಲು ಆರು ತಿಂಗಳಿರುವಾಗಲೇ ಆ ಕೆಲಸ ಮುಗಿಯಬೇಕೆಂದು ಕಾಯ್ದೆಯಲ್ಲೇ ಬರೆಯಲಿ. ಆಟ ಆಡುವವರೇ ಅಂಕಣದ ಗೆರೆಯನ್ನೂ ಎಳೆಯುವುದು ನಿಲ್ಲಬೇಕು. ಪತ್ರಿಕೆಗಳಲ್ಲಿ ಕೆಲಸ ಮಾಡುವ ನಾವೂ ತಪ್ಪಿತಸ್ಥರೇ. ಒಬ್ಬ ಶಾಸಕ ಪಕ್ಷ ಬದಲಿಸಿದರೆ ಮುಖಪುಟ ಕೊಡುವ ನಾವು, 31 ಜಿಲ್ಲೆಗಳ ಸಭಾಂಗಣಗಳು ಖಾಲಿ ಬಿದ್ದದ್ದನ್ನು ಒಳಪುಟದ ಮೂಲೆಗೆ ತಳ್ಳಿದೆವು.

ಓದುಗರಿಗೆ ಹೇಳುವುದು ಇಷ್ಟು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯ ದಿನ ಯಾವುದೆಂದು ಕಚೇರಿಯ ಬೋರ್ಡಿನಲ್ಲಿ ಹಾಕಿರಬೇಕು, ಹಾಕಿರದಿದ್ದರೆ ಕೇಳಿ. ಪಟ್ಟಣಕ್ಕೆ ಬಂದು ನೆಲೆಸಿ, ಮತ ಮಾತ್ರ ಊರಿನಲ್ಲೇ ಉಳಿಸಿಕೊಂಡವರು ಜಾತ್ರೆಗೆ ರಜೆ ಹಾಕುವ ಹಾಗೆ ಆ ದಿನಕ್ಕೂ ರಜೆ ಹಾಕಿ. ನಗರದವರಾದರೆ ನಿಮ್ಮ ವಾರ್ಡ್ ಸಮಿತಿ ಯಾವಾಗ ಸೇರುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ. ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದರೂ ಸಾಕು: ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು? ಉತ್ತರ ಏನೇ ಬರಲಿ, ಪ್ರಶ್ನೆಯನ್ನು ನಿಮ್ಮ ಹೆಸರು ಸಮೇತ ನಡಾವಳಿಗೆ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿಕೊಂಡು, ಆಮೇಲೆ ಮನೆಗೆ ಹೊರಡಿ.